ಮೊದಲು ಯಾರ ಚರ್ಮಕ್ಕೆ ಗೊತ್ತಾಗುತ್ತೆ?

‘ಇದು ಸೇಫಾ?’

ನಮ್ಮ ವಯಸ್ಸಿನವರು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಹೊಸ ಸೀರಮ್ ಆರ್ಡರ್ ಮಾಡೋ ಮುಂಚೆ ಫೋನಿನಲ್ಲಿ ಲೇಬಲ್ಲಿನ ಫೋಟೊ ದೊಡ್ಡದು ಮಾಡಿ ಓದ್ತೀವಿ. ನಾಲಿಗೆ ತಿರುಗದ ಹೆಸರು ಸಿಕ್ಕರೆ ಸರ್ಚ್ ಮಾಡ್ತೀವಿ. ಯಾವುದೋ ಆಪ್ ಹಸಿರು ಚುಕ್ಕೆ ತೋರಿಸಿದರೆ ಸಮಾಧಾನ, ಕೆಂಪು ತೋರಿಸಿದರೆ ಕಾರ್ಟಿನಿಂದ ಔಟ್. ಎರಡು ನಿಮಿಷದ ಕೆಲಸ. ಒಂದು ವಸ್ತು ಒಂದೋ ಸೇಫು, ಇಲ್ಲಾ ಸೇಫಲ್ಲ ಅನ್ನೋ ನಂಬಿಕೆ ಇದರ ಹಿಂದಿದೆ. ಸಕ್ಕರೆ ಸಿಹಿ ಅನ್ನೋ ಹಾಗೆ.

ಕನ್ನಡದಲ್ಲಿ ಇದಕ್ಕೆ ನಾವು ಬಳಸುವ ಪದ ‘ಸುರಕ್ಷಿತ’. ಸ್ವಲ್ಪ ನಿಂತು ನೋಡಿದರೆ ಅದು ವಸ್ತುವಿನ ಗುಣ ಹೇಳೋ ಪದವೇ ಅಲ್ಲ. ಚೆನ್ನಾಗಿ ರಕ್ಷಿಸಲ್ಪಟ್ಟದ್ದು ಅಂತ ಅದರ ಅರ್ಥ. ಅಂದರೆ ಯಾರೋ ಕಾದಿದ್ದಾರೆ, ಯಾರೋ ಕಾವಲಿದ್ದಾರೆ. ಹಾಗಾದರೆ ಬಾಟಲಿ ಮೇಲೆ ‘ಸುರಕ್ಷಿತ’ ಅಂತ ಬರೆದಾಗ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕಾವಲಿಗೆ ಯಾರಿದ್ದಾರೆ? ಅವರು ಎಚ್ಚರ ಇದ್ದಾರಾ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಂದು ಹಣ್ಣಿನ ವಾಸನೆಯ ಕತೆ ಓದಿದ ಮೇಲೆ.

ರಾಸ್‌ಬೆರ್ರಿ ಹಣ್ಣಿಗೆ ಆ ಘಮ ಕೊಡುವ ಮುಖ್ಯ ವಸ್ತುವಿನ ಹೆಸರು ರಾಸ್‌ಬೆರ್ರಿ ಕೀಟೋನ್. ಹಣ್ಣಿನಲ್ಲಿ ಅದು ಇರೋದು ಬಹಳ ಅಲ್ಪ. ಹಾಗಾಗಿ ಸೆಂಟು, ಸೋಪು, ಮಿಠಾಯಿಗಳಿಗೆ ಬೇಕಾದಷ್ಟನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಈ ಅಣುವಿನ ಒಂದು ಮೂಲೆಯಲ್ಲಿ ಎರಡು ಹೈಡ್ರೋಜನ್ ಸೇರಿಸಿದರೆ ಇನ್ನೊಂದು ವಸ್ತು ಸಿಗುತ್ತದೆ, ರೋಡೋಡೆಂಡ್ರಾಲ್. ಇದೂ ಪ್ರಕೃತಿಯಲ್ಲಿದೆ. ಬರ್ಚ್ ಮರದ ತೊಗಟೆಯಲ್ಲಿದೆ, ಜಪಾನಿನ ಒಂದು ಬಗೆಯ ಮೇಪಲ್ ಮರದಲ್ಲಿದೆ.

ಜಪಾನಿನ ಕನೆಬೊ ಅನ್ನುವ ದೊಡ್ಡ ಸೌಂದರ್ಯವರ್ಧಕ ಕಂಪನಿ ಇದನ್ನು ‘ರೋಡೋಡೆನಾಲ್’ ಅನ್ನೋ ಹೆಸರಿನಲ್ಲಿ ಚರ್ಮ ಬೆಳ್ಳಗೆ ಮಾಡುವ ಕ್ರೀಮು, ಲೋಶನ್ನುಗಳಿಗೆ 2 ಶೇಕಡಾ ಸೇರಿಸಿತು. ಕದ್ದುಮುಚ್ಚಿ ಮಾಡಿದ್ದಲ್ಲ. ಔಷಧಿಗೂ ಸೌಂದರ್ಯವರ್ಧಕಕ್ಕೂ ನಡುವಿನ ಅರೆ-ಔಷಧ ಅನ್ನೋ ವರ್ಗ ಜಪಾನಿನಲ್ಲಿದೆ. ಅಲ್ಲಿಯ ಆರೋಗ್ಯ ಸಚಿವಾಲಯ 2008ರಲ್ಲಿ ಆ ವರ್ಗದಡಿ ಇದಕ್ಕೆ ಅನುಮತಿ ಕೊಟ್ಟಿತ್ತು. ಪರೀಕ್ಷೆಗಳಾಗಿದ್ದವು, ಕಾಗದಪತ್ರ ಎಲ್ಲ ಸರಿ ಇತ್ತು. ಇವತ್ತಿನ ಆಪ್‌ಗಳು ಅವತ್ತು ಇದ್ದಿದ್ದರೆ ಹಸಿರು ಚುಕ್ಕೆಯನ್ನೇ ಕೊಡುತ್ತಿದ್ದವು.

2013ರ ಜುಲೈ 4ರಂದು ಕಂಪನಿ ತನ್ನ ಮತ್ತು ತನ್ನ ಅಂಗಸಂಸ್ಥೆಗಳ 54 ಉತ್ಪನ್ನಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡಿತು. ಹಚ್ಚಿಕೊಂಡವರ ಮುಖ, ಕುತ್ತಿಗೆ, ಕೈಗಳ ಮೇಲೆ ಬಿಳಿ ಮಚ್ಚೆಗಳು ಬಂದಿದ್ದವು. ಬೆಳ್ಳಗಾಗೋದು ಅಂದರೆ ಒಂದೇ ಸಮನಾಗಿ ತಿಳಿಯಾಗೋದು ಅಂತ ನಂಬಿದ್ದವರಿಗೆ ಅಲ್ಲೊಂದು ಇಲ್ಲೊಂದು ಬಣ್ಣವೇ ಇಲ್ಲದ ತೇಪೆಗಳು. ಬಳಸಿದವರು ಸುಮಾರು 8 ಲಕ್ಷ ಜನ. ತೊಂದರೆ ಆದವರ ಲೆಕ್ಕ ಕೊನೆಗೆ 19,000 ದಾಟಿತು. ಬಳಸೋದು ನಿಲ್ಲಿಸಿದ ಮೇಲೆ ಬಹಳ ಜನಕ್ಕೆ ಬಣ್ಣ ನಿಧಾನವಾಗಿ ಮರಳಿತು, ಕೆಲವರಿಗೆ ಅರ್ಧಂಬರ್ಧ, ಕೆಲವರಿಗೆ ಇಲ್ಲವೇ ಇಲ್ಲ.

ಯಾಕೆ ಹೀಗಾಯ್ತು ಅನ್ನೋದು ಆಮೇಲೆ ಗೊತ್ತಾಯಿತು. ನಮ್ಮ ಚರ್ಮದ ಬಣ್ಣ ತಯಾರಾಗೋದು ಮೆಲನೊಸೈಟ್ ಅನ್ನೋ ಕೋಶಗಳಲ್ಲಿ. ಅಲ್ಲಿ ಟೈರೋಸಿನೇಸ್ ಅನ್ನೋ ಕಿಣ್ವ ಟೈರೋಸಿನ್ ಅನ್ನೋ ಕಚ್ಚಾವಸ್ತುವನ್ನು ಹಿಡಿದು ಬಣ್ಣದ ಕಡೆಗೆ ತಿರುಗಿಸುತ್ತದೆ. ರೋಡೋಡೆಂಡ್ರಾಲ್ ನೋಡೋಕೆ ಟೈರೋಸಿನ್ ಥರಾನೇ ಇದೆ: ಒಂದು ಬೆಂಜೀನ್ ಉಂಗುರ, ಒಂದು ತುದಿಗೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ನೇರ ಎದುರು ತುದಿಗೆ ಒಂದು ಬಾಲ. ಕಿಣ್ವ ಈ ಮಾರುವೇಷಕ್ಕೆ ಮೋಸ ಹೋಗಿ ಇದನ್ನೇ ಹಿಡಿದುಕೊಂಡು ಕೂರುತ್ತೆ, ಬಣ್ಣ ತಯಾರಾಗೋದು ಕಡಿಮೆ ಆಗುತ್ತೆ ಅನ್ನೋದು ಕಂಪನಿಯ ಲೆಕ್ಕ. ಆ ಲೆಕ್ಕ ತಪ್ಪೇನಲ್ಲ. ಆದರೆ ಕಿಣ್ವ ಸುಮ್ಮನೆ ಹಿಡಿದುಕೊಂಡು ಕೂರಲಿಲ್ಲ. ಟೈರೋಸಿನ್ನಿಗೆ ಮಾಡೋದನ್ನೇ ಇದಕ್ಕೂ ಮಾಡಿತು. ಆಗ ಹುಟ್ಟಿದ ಕ್ವಿನೋನ್ ಅನ್ನೋ ಬಗೆಯ ವಸ್ತು ಆ ಕೋಶವನ್ನೇ ಕೊಲ್ಲುವಂಥದ್ದು. ಬಣ್ಣದ ಅಂಗಡಿಗೆ ಬೀಗ ಹಾಕೋಕೆ ಹೋದವರು ಅಂಗಡಿಗೇ ಬೆಂಕಿ ಇಟ್ಟ ಹಾಗಾಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ‘ವಿಜ್ಞಾನ ಮುಂದುವರಿಯೋದೇ ಹೀಗೆ, ಪಾಪ ಯಾರಿಗೆ ಗೊತ್ತಿತ್ತು’ ಅಂತ ಸುಮ್ಮನಾಗಬಹುದಿತ್ತು. ಆದರೆ ಗೊತ್ತಿತ್ತು. ಎಲ್ಲರಿಗಲ್ಲ, ಕೆಲವರಿಗೆ.

1998ರಲ್ಲಿ, ಅಂದರೆ ಆ ಅನುಮತಿಗೆ ಹತ್ತು ವರ್ಷ ಮುಂಚೆ, ಜಪಾನಿನಲ್ಲೇ ಒಂದು ಪುಟ್ಟ ವರದಿ ಪ್ರಕಟವಾಗಿತ್ತು. ಕಾರ್ಮಿಕರ ಆರೋಗ್ಯದ ಬಗ್ಗೆ ಬರೆಯುವ ಪತ್ರಿಕೆಯಲ್ಲಿ. ರಾಸ್‌ಬೆರ್ರಿ ಕೀಟೋನ್ ತಯಾರಿಸುವ ಕಾರ್ಖಾನೆಯ ಕೆಲಸಗಾರರ ಚರ್ಮದ ಮೇಲೆ ಬಿಳಿ ಮಚ್ಚೆ ಬಂದಿವೆ ಅನ್ನೋದು ಅದರ ಸಾರಾಂಶ. ಅದೇ ಹಣ್ಣಿನ ವಾಸನೆಯ ವಸ್ತು, ರೋಡೋಡೆಂಡ್ರಾಲಿನ ಒಡಹುಟ್ಟಿದ ಅಣು.

ಇನ್ನೂ ಹಿಂದೆ ಹೋಗಿ. 1939ರಲ್ಲಿ ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯೊಂದರ ಕೆಲಸಗಾರರ ಕೈ, ಮುಂದೋಳುಗಳು ಬಿಳಿಯಾದವು. ಹುಡುಕಿದರೆ ಕಾರಣ ಅವರು ಹಾಕಿಕೊಳ್ಳುತ್ತಿದ್ದ ರಬ್ಬರ್ ಕೈಗವಸಿನಲ್ಲಿತ್ತು. ರಬ್ಬರ್ ಹಾಳಾಗದಿರಲಿ ಅಂತ ಬೆರೆಸಿದ್ದ ಒಂದು ರಾಸಾಯನಿಕ. ಅದರಲ್ಲೂ ಅದೇ ಉಂಗುರ, ಒಂದು ತುದಿಗೆ ಅದೇ ಜೋಡಿ, ಎದುರು ತುದಿಗೆ ಬಾಲ. 1970ರ ದಶಕದಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಅನ್ನೋ, ಅಂಟುಗಳಿಗೆ ಬಳಸುವ ವಸ್ತುವಿನ ಕಾರ್ಖಾನೆಗಳಲ್ಲೂ ಇದೇ ಕತೆ. ಮತ್ತೆ ಅದೇ ಆಕಾರ.

ಮೂರೂ ಕಡೆ ಸುದ್ದಿ ಮೊದಲು ಗೊತ್ತಾಗಿದ್ದು ಕೂಲಿ ಕೆಲಸದವರ ಚರ್ಮಕ್ಕೆ. ಸೆಂಟನ್ನು ಮಣಿಕಟ್ಟಿಗೆ ಎರಡು ಹನಿ ಹಚ್ಚಿಕೊಳ್ಳೋರು ಒಂದು ಕಡೆ, ಅದನ್ನು ಡ್ರಮ್ಮುಗಟ್ಟಲೆ ತಯಾರಿಸೋರು ಇನ್ನೊಂದು ಕಡೆ. ದಿನಾ ಎಂಟು ಗಂಟೆ, ವರ್ಷಗಟ್ಟಲೆ ಅದರ ಜೊತೆ ಇರೋರ ಮೈ ಯಾವ ಲ್ಯಾಬಿಗಿಂತ ಮುಂಚೆ ಉತ್ತರ ಹೇಳಿಬಿಡುತ್ತೆ. ಆದರೆ ಆ ಉತ್ತರ ಕಾರ್ಮಿಕರ ಆರೋಗ್ಯದ ಕಪಾಟಿನಲ್ಲಿ ಕೂತಿರುತ್ತದೆ. ಸೌಂದರ್ಯದ ಕಪಾಟು ಬೇರೆ ಕೋಣೆಯಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಇದಕ್ಕಿಂತ ಮುಂದಿನ ಭಾಗ. ಕಂಪನಿಯ ಕೋರಿಕೆಯ ಮೇಲೆ ಹೊರಗಿನ ವಕೀಲರು ತನಿಖೆ ಮಾಡಿ 2013ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟರು. ಅದರ ಪ್ರಕಾರ ಬಿಳಿ ಮಚ್ಚೆಯ ದೂರು 2011ರಲ್ಲೇ ಬಂದಿತ್ತು. ದೂರು ತೆಗೆದುಕೊಂಡ ಕಡೆ ಅದನ್ನು ಗ್ರಾಹಕರ ಸ್ವಂತ ಕಾಯಿಲೆ, ತೊನ್ನು ಇರಬೇಕು, ನಮ್ಮ ಕ್ರೀಮಿಗೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡರು. 2012ರಲ್ಲಿ ವೈದ್ಯರಿಂದಲೂ ಸೂಚನೆ ಬಂತು. ಆಗಲೂ ಮೇಲಕ್ಕೆ ಹೋಗಲಿಲ್ಲ. 2013ರ ಮೇನಲ್ಲಿ ಚರ್ಮವೈದ್ಯರೊಬ್ಬರು ಒಂದಕ್ಕಿಂತ ಹೆಚ್ಚು ರೋಗಿಗಳನ್ನು ಮುಂದಿಟ್ಟು ಹೇಳಿದ ಮೇಲೆ ಚಕ್ರ ತಿರುಗಿತು. ಅಷ್ಟರಲ್ಲಿ ಎಷ್ಟು ಬಾಟಲಿ ಮಾರಾಟವಾಗಿರಬಹುದು, ಎಷ್ಟು ಜನ ‘ಮಚ್ಚೆ ಕಾಣಿಸ್ತಿದೆ, ಇನ್ನೂ ಸ್ವಲ್ಪ ಜಾಸ್ತಿ ಹಚ್ಚೋಣ’ ಅಂದುಕೊಂಡಿರಬಹುದು, ಯೋಚಿಸಿ.

ಸಾಫ್ಟ್‌ವೇರಿನಲ್ಲಿ ಇರೋರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ಯಾರೋ ಒಂದು ಬಗ್ ರಿಪೋರ್ಟ್ ಹಾಕ್ತಾರೆ. ನಮ್ಮ ಮಷೀನಿನಲ್ಲಿ ಅದು ಕಾಣಿಸೋದಿಲ್ಲ. ಯೂಸರ್ ಕಡೆಯ ಸಮಸ್ಯೆ ಅಂತ ಬರೆದು ಟಿಕೆಟ್ ಮುಚ್ಚಲಾಗುತ್ತೆ. ಮುಚ್ಚಿದವರು ಕೆಟ್ಟವರಲ್ಲ. ಅವರ ಮುಂದೆ ಇನ್ನೂ ನಲವತ್ತು ಟಿಕೆಟ್ ಇರುತ್ತೆ, ಸಂಜೆಯೊಳಗೆ ಎಣಿಕೆ ಕಡಿಮೆ ಮಾಡಬೇಕಿರುತ್ತೆ. ಒಂದೊಂದೇ ನೋಡಿದರೆ ಪ್ರತಿಯೊಂದು ದೂರೂ ವಿಚಿತ್ರ, ಅಪವಾದ. ಹತ್ತನ್ನೂ ಒಟ್ಟಿಗೆ ಹರವಿ ನೋಡಿದಾಗ ಮಾತ್ರ ಅದೊಂದು ಮಾದರಿ ಅನ್ನೋದು ಕಾಣುತ್ತೆ. ಒಟ್ಟಿಗೆ ಹರವಿ ನೋಡೋದು ಯಾರ ಕೆಲಸವೂ ಆಗಿರೋದಿಲ್ಲ.

ವ್ಯತ್ಯಾಸ ಇಷ್ಟೇ. ನಮ್ಮ ಕೆಲಸದಲ್ಲಿ ಹಳೇ ವರ್ಷನ್‌ಗೆ ವಾಪಸ್ ಹೋಗಬಹುದು. ಚರ್ಮಕ್ಕೆ ಆ ಬಟನ್ ಇಲ್ಲ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಗೆಳೆಯನೊಬ್ಬನ ಹತ್ತಿರ ಹೇಳಿದಾಗ ಅವನು ಒಂದು ಒಳ್ಳೆ ಪ್ರಶ್ನೆ ಎತ್ತಿದ. “ಲೆಕ್ಕ ಹಾಕು ಗುರು, 8 ಲಕ್ಷದಲ್ಲಿ 19,000 ಅಂದ್ರೆ ನೂರಕ್ಕೆ ಎರಡು ಚಿಲ್ಲರೆ. 97 ಜನಕ್ಕೆ ಏನೂ ಆಗಿಲ್ಲ. ಎಲ್ಲಾ ಅಪಾಯ ಮೊದಲೇ ಗೊತ್ತಾಗ್ಬೇಕು ಅಂತ ಕೂತ್ರೆ ಹೊಸದೇನೂ ಬರಲ್ಲ. ಆಮೇಲೆ ಹೇಳೋದು ಸುಲಭ.”

ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಪರೀಕ್ಷೆಗೆ ಒಂದು ಮಿತಿ ಇದ್ದೇ ಇದೆ. ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಸೂತ್ರ ಇದೆ: 300 ಜನರ ಮೇಲೆ ಪರೀಕ್ಷೆ ಮಾಡಿ ಒಬ್ಬರಿಗೂ ತೊಂದರೆ ಆಗದಿದ್ದರೆ, ತೊಂದರೆಯ ಪ್ರಮಾಣ ಸೊನ್ನೆ ಅಂತ ಹೇಳೋಕೆ ಆಗಲ್ಲ. ಮೂರನ್ನು ಮುನ್ನೂರರಿಂದ ಭಾಗಿಸಿ, ‘ಹೆಚ್ಚೆಂದರೆ ನೂರಕ್ಕೆ ಒಂದು ಇರಬಹುದು’ ಅಂತಷ್ಟೇ ಹೇಳಬಹುದು. ನೂರಕ್ಕೆ ಒಂದು ಅಂದರೆ 8 ಲಕ್ಷಕ್ಕೆ 8,000. ಪರೀಕ್ಷೆಯ ಸೊನ್ನೆಯೊಳಗೆ ಒಂದು ಸಣ್ಣ ಪಟ್ಟಣದ ಜನಸಂಖ್ಯೆ ಅಡಗಿ ಕೂರಬಹುದು. ಅದರ ಮೇಲೆ ಪರೀಕ್ಷೆ ಕೆಲವು ತಿಂಗಳದ್ದು, ಬಳಕೆ ವರ್ಷಗಟ್ಟಲೆಯದು.

ಆದರೆ ಇದೇ ಕಾರಣಕ್ಕೆ ಗೆಳೆಯನ ವಾದದ ಇನ್ನರ್ಧ ಬಿದ್ದುಹೋಗುತ್ತದೆ. ಎಲ್ಲವೂ ಮೊದಲೇ ಗೊತ್ತಾಗೋದಿಲ್ಲ ಅನ್ನೋದು ನಿಜವಾದರೆ, ಮಾರಾಟಕ್ಕೆ ಬಿಟ್ಟ ದಿನ ಪರೀಕ್ಷೆ ಮುಗಿಯಲಿಲ್ಲ, ಜಾಗ ಬದಲಾಯಿತು ಅಷ್ಟೇ. ಈಗ ಪರೀಕ್ಷೆ ನಡೀತಿರೋದು ಜನರ ಬಚ್ಚಲುಮನೆಗಳಲ್ಲಿ. ಪ್ರೊಡಕ್ಷನ್‌ನಲ್ಲೇ ಟೆಸ್ಟ್ ಮಾಡ್ತಿದ್ದೀವಿ ಅಂತ ಒಪ್ಪಿಕೊಂಡ ಮೇಲೆ ಕಿವಿ ತೆರೆದಿಡೋದು ಗ್ರಾಹಕರಿಗೆ ಮಾಡುವ ಉಪಕಾರವಾಗಿ ಉಳಿಯಲ್ಲ, ಅದು ಪರೀಕ್ಷೆಯದೇ ಭಾಗ. ಮೊದಲೇ ಗೊತ್ತಿರಲಿಲ್ಲ ಅನ್ನೋದಕ್ಕೆ ಕ್ಷಮೆ ಇದೆ. ಹೇಳಿದಾಗ ಕೇಳಿಸಿಕೊಳ್ಳಲಿಲ್ಲ ಅನ್ನೋದಕ್ಕೆ ಇಲ್ಲ.

ಇನ್ನು ಆ ‘ನೂರಕ್ಕೆ ಎರಡು’. ಅಪಾಯವನ್ನು ನಾವು ಎಣಿಸೋದು ತಲೆ ಲೆಕ್ಕದಲ್ಲಿ. ಆದರೆ ಒಂದೇ ಮಚ್ಚೆ ಎಲ್ಲರ ಮೈಮೇಲೂ ಒಂದೇ ಬೆಲೆ ಕೇಳೋದಿಲ್ಲ.

ನಮ್ಮೂರು ತಿಪಟೂರಿನ ಕಡೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಚಿಕ್ಕಮ್ಮನ ಹಣೆ ಮೇಲೆ, ಸರಿಯಾಗಿ ಬೊಟ್ಟು ಇಡುವ ಜಾಗದಲ್ಲಿ, ಬಿಳಿ ಮಚ್ಚೆ ಬಂತು. ಕುಂಕುಮ ಬಿಟ್ಟು ಜಾತ್ರೆಯಲ್ಲಿ ಕೊಂಡ ಸ್ಟಿಕರ್ ಬೊಟ್ಟು ಇಡೋಕೆ ಶುರು ಮಾಡಿ ಒಂದೆರಡು ವರ್ಷ ಆಗಿತ್ತು. ಚಿಕ್ಕಮ್ಮನಿಗೆ ಆಗಿನ್ನೂ ಮದುವೆ ಆಗಿರಲಿಲ್ಲ. ‘ತೊನ್ನು ಶುರುವಾಗಿದೆಯಂತೆ’ ಅನ್ನೋ ಮಾತು ಊರಲ್ಲಿ ಒಂದು ಸುತ್ತು ಹಾಕೋಕೆ ಎಷ್ಟು ಹೊತ್ತು? ಗೊತ್ತಾಗಿದ್ದ ಒಂದು ಸಂಬಂಧ ಕಾರಣ ಹೇಳದೆ ತಣ್ಣಗಾಯಿತು. ಕೊನೆಗೆ ತಾಲ್ಲೂಕಿನ ಡಾಕ್ಟರೊಬ್ಬರು ನೋಡಿ, “ಇದು ತೊನ್ನಲ್ಲ ಕಣಮ್ಮ, ಆ ಬೊಟ್ಟಿನ ಅಂಟು. ಇಡೋದು ಬಿಡು,” ಅಂದರು. ಬಿಟ್ಟ ಮೇಲೆ ಅದು ಹರಡಲಿಲ್ಲ. ಪೂರ್ತಿ ಹೋಗಲೂ ಇಲ್ಲ.

ಸ್ಟಿಕರ್ ಬೊಟ್ಟಿನಿಂದ ಹೀಗಾಗೋದು ನಮ್ಮ ದೇಶದ ಚರ್ಮವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಂಟಿನಲ್ಲಿ ಸಿಕ್ಕ ವಸ್ತು ಯಾವುದು ಗೊತ್ತಾ? ಮೇಲೆ ಹೇಳಿದ ಅದೇ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್. ಅಲ್ಲಿ ಕಾರ್ಖಾನೆಯ ಕೆಲಸಗಾರರ ಮೈ ಹೇಳಿದ್ದ ಮಾತನ್ನೇ ಇಲ್ಲಿ ಹೆಂಗಸರ ಹಣೆ ಮತ್ತೊಮ್ಮೆ ಹೇಳಬೇಕಾಯಿತು. ಚಿಕ್ಕಮ್ಮನ ಮಚ್ಚೆ ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ಬೊಟ್ಟು ಮಾರಿದವನಿಗೆ ಗೊತ್ತಿಲ್ಲ, ಮಾಡಿದ ಕಂಪನಿಗೆ ಹೆಸರೇ ಇರಲಿಲ್ಲ. ನೂರಕ್ಕೆ ಎರಡು ಅಂತ ಬರೆಯುವ ಲೆಕ್ಕದಲ್ಲಿ ಅವಳು ಸೇರೋದು ‘ಏನೂ ಆಗಿಲ್ಲ’ ಅನ್ನೋ ಸಾಲಿಗೆ. ದೂರು ಇಲ್ಲ ಅನ್ನೋದಕ್ಕೂ ತೊಂದರೆ ಇಲ್ಲ ಅನ್ನೋದಕ್ಕೂ ನಡುವೆ ಅಂಥ ಎಷ್ಟೋ ಹಣೆಗಳಿವೆ.

ಬೆಳ್ಳಗಾಗೋ ಕ್ರೀಮಿನ ವಿಷಯದಲ್ಲಿ ಇದು ಇನ್ನೂ ಕಹಿ. ಜ್ವರಕ್ಕೆ ಮಾತ್ರೆ ತಗೊಂಡು ಹೊಟ್ಟೆ ಉರಿದರೆ, ಒಂದು ನಿಜವಾದ ನೋವು ಕಳೆಯೋಕೆ ಇನ್ನೊಂದನ್ನು ತಡ್ಕೊಂಡೆವು ಅನ್ನಬಹುದು. ಇಲ್ಲಿ ಕಳೆಯಬೇಕಿದ್ದ ಕಾಯಿಲೆ ಯಾವುದು? ಇದ್ದ ಬಣ್ಣ. ಆ ಬಣ್ಣ ಸಾಲದು ಅಂತ ಮೊದಲು ನಂಬಿಸಬೇಕು, ಆಮೇಲೆ ಮದ್ದು ಮಾರಬೇಕು. ನಮ್ಮಲ್ಲೂ 2020ರಲ್ಲಿ ದೊಡ್ಡ ಬ್ರ್ಯಾಂಡೊಂದು ತನ್ನ ಹೆಸರಿನಿಂದ ‘ಫೇರ್’ ಅನ್ನೋದನ್ನು ತೆಗೆದು ‘ಗ್ಲೋ’ ಅಂತ ಮಾಡಿಕೊಂಡಿತು. ಈಗ ಬೆಳ್ಳಗಾಗಿ ಅಂತ ಯಾರೂ ಹೇಳಲ್ಲ, ಹೊಳೆಯಿರಿ ಅಂತಾರೆ. ಕೊಳ್ಳುವ ಮನಸ್ಸಿನೊಳಗಿನ ಆಸೆ ಮಾತ್ರ ಹೆಸರು ಬದಲಾಯಿಸಿಕೊಂಡಿದೆಯಾ ಅನ್ನೋದು ಅನುಮಾನ. ಲಾಭ ಎಷ್ಟು ಅನಗತ್ಯವೋ, ಅದಕ್ಕಾಗಿ ಬೇರೆಯವರ ಮೈಮೇಲೆ ಹೊರಿಸಬಹುದಾದ ಅಪಾಯ ಅಷ್ಟು ಕಡಿಮೆ ಇರಬೇಕು. ಇದು ನೀತಿಯ ಮಾತು, ಯಾವ ಲ್ಯಾಬೂ ಇದನ್ನು ಅಳೆದು ಕೊಡೋದಿಲ್ಲ.

ಹಾಗಾದರೆ ನ್ಯಾಚುರಲ್ ತಗೊಂಡ್ರೆ ಆಯ್ತಲ್ಲ ಅಂತೀರೇನೋ. ರೋಡೋಡೆಂಡ್ರಾಲ್ ಮರದ ತೊಗಟೆಯಲ್ಲೂ ಇರುವಂಥದ್ದೇ. ಲ್ಯಾವೆಂಡರಿನ ಘಮದಲ್ಲಿರುವ ಲಿನಲೂಲ್ ತಾನಾಗಿ ಅಷ್ಟೇನೂ ಕಿರಿಕಿರಿಯದಲ್ಲ, ಆದರೆ ಬಾಟಲಿ ತೆರೆದಿಟ್ಟು ಗಾಳಿ ತಾಗಿದ ಮೇಲೆ ಅದರಿಂದ ಹುಟ್ಟುವ ವಸ್ತುಗಳು ಅಲರ್ಜಿ ತರುತ್ತವೆ. ಲೇಬಲ್ಲಿನಲ್ಲಿ ಹೆಸರು ಹಾಕಲೇಬೇಕಾದ ಸುಗಂಧ ಅಲರ್ಜಿಕಾರಕಗಳ ಪಟ್ಟಿಯನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಉದ್ದ ಮಾಡಿತು. ಅದರಲ್ಲಿ ನಮ್ಮ ಶ್ರೀಗಂಧದ ಎಣ್ಣೆಯೂ ಇದೆ. ಹಾಗಂತ ಶ್ರೀಗಂಧ ವಿಷ ಅಲ್ಲ, ಕಾರ್ಖಾನೆಯಲ್ಲಿ ಮಾಡಿದ್ದೆಲ್ಲ ಅಮೃತವೂ ಅಲ್ಲ. ಎಲ್ಲಿಂದ ಬಂತು ಅನ್ನೋದನ್ನು ಚರ್ಮ ಕೇಳೋದಿಲ್ಲ. ಏನು, ಎಷ್ಟು, ಎಷ್ಟು ದಿನ, ಯಾರ ಮೈಮೇಲೆ ಅಂತ ಕೇಳುತ್ತೆ.

ಇಷ್ಟೆಲ್ಲ ಆದ ಮೇಲೆ ನಾವು ಮಾಡೋದೇನು? ನನ್ನ ಮಟ್ಟಿಗೆ ಒಂದು ಚಿಕ್ಕ ಕ್ರಮ ಇಟ್ಟುಕೊಂಡಿದ್ದೇನೆ. ಹೊಸ ಪದಾರ್ಥದ ಹೆಸರು ಕಂಡಾಗ ಅದೇನು ಮಾಡುತ್ತೆ ಅನ್ನೋದರ ಜೊತೆಗೆ ಅದನ್ನು ತಯಾರಿಸೋರಿಗೆ ಏನಾಗಿದೆ ಅಂತಲೂ ಹುಡುಕುತ್ತೇನೆ. ಪರೀಕ್ಷೆ ಆಗಿದೆ ಅಂದರೆ ತಟ್ಟೆಯಲ್ಲಿಟ್ಟ ಕೋಶಗಳ ಮೇಲಾ ಮನುಷ್ಯರ ಮೇಲಾ, ಎಷ್ಟು ಜನ, ಎಷ್ಟು ದಿನ, ದುಡ್ಡು ಕೊಟ್ಟವರು ಯಾರು ಅಂತ ನೋಡ್ತೇನೆ. ಕಂಪನಿಗೆ ದೂರು ಹೇಳೋಕೆ ದಾರಿ ಇದೆಯಾ, ಆ ಕಡೆ ಮನುಷ್ಯರು ಇದ್ದಾರಾ ಅಂತಲೂ. ಮೊಣಕೈ ಒಳಭಾಗದಲ್ಲಿ ದಿನಕ್ಕೆ ಎರಡು ಸಲದಂತೆ ವಾರ ಹತ್ತು ದಿನ ಹಚ್ಚಿ ನೋಡೋದು ಒಳ್ಳೆಯದು. ಆದರೆ ಅದು ಹಿಡಿಯೋದು ಬೇಗ ಕಾಣಿಸುವ ಉರಿ, ತುರಿಕೆಗಳನ್ನು. ತಿಂಗಳುಗಳ ನಂತರ ಸದ್ದಿಲ್ಲದೆ ಬರುವ ಬಿಳುಪನ್ನು ಹಿಡಿಯಲ್ಲ. ಅಲರ್ಜಿಯೂ ಕೆಲವು ಸಲ ತಿಂಗಳುಗಟ್ಟಲೆ ಬಳಸಿದ ಮೇಲೇ ಶುರುವಾಗುತ್ತೆ. ‘ವರ್ಷದಿಂದ ಹಚ್ತಿದ್ದೀನಿ, ಇದರಿಂದ ಇರಲಾರದು’ ಅನ್ನೋ ತರ್ಕ ಅಲ್ಲಿ ನಡೆಯಲ್ಲ.

ಏನಾದರೂ ಆದರೆ ಬಾಟಲಿ ಎಸೆಯಬೇಡಿ. ಬ್ಯಾಚ್ ನಂಬರ್ ಕಾಣೋ ಹಾಗೆ ಫೋಟೊ ತೆಗೆದಿಟ್ಟು ಚರ್ಮವೈದ್ಯರಿಗೆ ತೋರಿಸಿ. ಕಂಪನಿಗೆ ಬರೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ‘ಹೋಗ್ಲಿ ಬಿಡು, ನಾನೂರು ರೂಪಾಯಿ ತಾನೇ’ ಅಂತ ಡಬ್ಬ ಡಸ್ಟ್‌ಬಿನ್ನಿಗೆ ಹಾಕಿದಾಗ ನಾಲ್ಕುನೂರು ರೂಪಾಯಿ ಹೋಗೋದು ನಮ್ಮದು. ಅದರ ಜೊತೆ ಹೋಗುವ ಸುದ್ದಿ ಮುಂದಿನವರದ್ದು.

ಇದರಲ್ಲಿ ಇನ್ನೂ ಸಣ್ಣ ಒಂದು ಕರ್ತವ್ಯ ಇದೆ, ಅದು ನಾಲಿಗೆಯದು. ಗೆಳತಿಯೋ ತಂಗಿಯೋ ಬಂದು “ಈ ಕ್ರೀಮ್ ಹಚ್ಚಿದ ಮೇಲೆ ಹೀಗಾಗಿದೆ” ಅಂದಾಗ ನಮ್ಮ ಬಾಯಿಗೆ ಮೊದಲು ಬರೋ ಮಾತು “ನಾನೂ ಅದನ್ನೇ ಹಚ್ಚೋದು, ನನಗೇನೂ ಆಗಿಲ್ಲವಲ್ಲ!” ನಾವದನ್ನು ಸಮಾಧಾನಕ್ಕೆ ಹೇಳ್ತೀವಿ. ಆದರೆ ಆ ದೂರುಗಳನ್ನು ‘ಗ್ರಾಹಕರ ಸ್ವಂತ ಕಾಯಿಲೆ’ ಅಂತ ಬದಿಗಿಟ್ಟವರೂ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ. ನಮ್ಮ ಚರ್ಮಕ್ಕೆ ಏನೂ ಆಗದಿರೋದು ನಮ್ಮ ಅದೃಷ್ಟ, ಅವರ ಮಾತಿಗೆ ಅದು ಉತ್ತರ ಅಲ್ಲ. ಅದರ ಬದಲು “ಎಲ್ಲಿ, ತೋರಿಸು” ಅನ್ನಬಹುದು. ಸುರಕ್ಷಿತ ಅನ್ನೋ ಪದದೊಳಗೆ ಒಬ್ಬ ಕಾವಲಿನವ ಇರಬೇಕು ಅಂತಾದರೆ, ಅವನ ಕೆಲಸ ಶುರುವಾಗೋದು ಆ ಎರಡು ಮಾತಿನಿಂದ.